ಕಿಣ್ವವಲ್ಲದ ಕಿಣ್ವ: ಔಷಧ ಪತ್ತೆಯ ಒಂದು ನೂತನ ವಿಧಾನದ ಪೂರ್ವೇತಿಹಾಸ

‘ಎನ್‌ಜೈಮ್’ ಎಂಬ ಪಾರಿಭಾಷಿಕ ಪದಕ್ಕೆ ಕನ್ನಡದ ವಿಜ್ಞಾನ ಲೇಖಕರು ‘ಕಿಣ್ವ’ ಎಂಬ ಶಬ್ದವನ್ನು ರೂಢಿಗೆ ತಂದು ಬಹುಕಾಲವಾಯಿತು. ಇದು ಹೊಸದಾಗಿ ಟಂಕಿಸಿದ ಶಬ್ದವಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ವಿವರಿಸುವ ಪ್ರಕರಣದಲ್ಲಿ, ಮದ್ಯವನ್ನು ಹುದುಗಿಸುವ ದ್ರವ್ಯಕ್ಕೆ ಕಿಣ್ವವೆಂದು ಹೆಸರಿದೆ. ಉದ್ದು ಮತ್ತು ಅಕ್ಕಿಗಳಿಂದ ಅದನ್ನು ಸಿದ್ಧಗೊಳಿಸುವ ಕ್ರಮವೂ ಅಲ್ಲಿದೆ. ಯೂರೋಪಿನಲ್ಲಿ 1870ರ ದಶಕದಲ್ಲಿ ವಿಲ್ಹೆಲ್ಮ್ ಕೂನೆ ‘ಎನ್‌ಜೈಮ್’ ಎಂಬ ಪದವನ್ನು ರಚಿಸಿದಾಗ ಅವನೂ ಗ್ರೀಕ್ ಭಾಷೆಯಿಂದ ‘ಹುದುಗಿನೊಳಗಿನದು’ ಎಂಬ ಅರ್ಥವನ್ನೇ ಆರಿಸಿಕೊಂಡನು. ಹೀಗೆ ಎರಡು ಭಾಷಾಪರಂಪರೆಗಳ ಪದಗಳು ಒಂದೇ ಮಡಕೆಯ ಬಳಿ ಸಂಧಿಸಿದಂತಾಗಿದೆ.

ಕಿಣ್ವ ಶಬ್ದಕ್ಕೆ ನಮ್ಮಲ್ಲಿ ಒಂದು ದಾರ್ಶನಿಕ ಚರಿತ್ರೆಯೂ ಉಂಟು. ಹದಿನಾಲ್ಕನೆಯ ಶತಮಾನದ ಮಾಧವಾಚಾರ್ಯರ ಹೆಸರಿನಲ್ಲಿ ದೊರೆಯುವ ‘ಸರ್ವದರ್ಶನಸಂಗ್ರಹ’ದ ಮೊದಲನೆಯ ಅಧ್ಯಾಯ ಚಾರ್ವಾಕ ಮತಕ್ಕೆ ಮೀಸಲು. ಅಚೇತನವಾದ ಭೂತಗಳಿಂದ ಚೈತನ್ಯ ಹೇಗೆ ಹುಟ್ಟೀತು ಎಂಬ ಆಕ್ಷೇಪಕ್ಕೆ ಚಾರ್ವಾಕನ ಸಮಾಧಾನವಾಗಿ ಅಲ್ಲಿ ಬರುವ ದೃಷ್ಟಾಂತ ಕಿಣ್ವದ್ದೇ ಆಗಿದೆ: ಬಿಡಿಬಿಡಿಯಾಗಿ ಮದವೇರಿಸದ ಪದಾರ್ಥಗಳು ಕೂಡಿದಾಗ ಮದಶಕ್ತಿ ಉಂಟಾಗುವಂತೆ, ಜಡದ್ರವ್ಯಗಳ ವಿಶಿಷ್ಟ ಸಂಯೋಗದಿಂದ ಚೈತನ್ಯವೂ ಉಂಟಾಗುತ್ತದೆ ಎಂಬುದು ಅದರ ಭಾವ. ಮಧ್ಯಕಾಲದ ಪಠ್ಯಗಳಲ್ಲಿ ಈ ವಾದವನ್ನು ಖಂಡನೆಗಾಗಿಯೇ ಉದ್ಧರಿಸಲಾಗುತ್ತಿತ್ತು. ಜೀವದ ಕೆಲಸವನ್ನು ಜಡವು ಮಾಡಬಲ್ಲುದೇ ಎಂಬ ಇದೇ ಪ್ರಶ್ನೆ ಕಳೆದ ಎರಡು ಶತಮಾನಗಳ ರಸಾಯನಶಾಸ್ತ್ರದಲ್ಲಿ ಪ್ರಯೋಗದ ಪ್ರಶ್ನೆಯಾಗಿ ಮತ್ತೆ ಮತ್ತೆ ಎದ್ದಿದೆ. ಅದರ ಈಚಿನ ರೂಪವೇ ‘ನ್ಯಾನೋಜೈಮ್’.

ನ್ಯಾನೋಜೈಮ್ ಎಂದರೆ ಕಿಣ್ವದಂತೆ ವರ್ತಿಸುವ, ಆದರೆ ಕಿಣ್ವವಲ್ಲದ ಅತಿಸೂಕ್ಷ್ಮ ಕಣ. ಕಬ್ಬಿಣದ ಆಕ್ಸೈಡು, ಸೀರಿಯಂ ಆಕ್ಸೈಡು, ಚಿನ್ನ, ಪ್ಲಾಟಿನಂ ಮೊದಲಾದವುಗಳಿಂದ ಇವು ತಯಾರಾಗುತ್ತವೆ. ಹಾಲಿನಲ್ಲಿ ಉಳಿದ ಪ್ರತಿಜೀವಕ, ರಕ್ತದಲ್ಲಿರುವ ಔಷಧದ ಪ್ರಮಾಣ, ಮಾತ್ರೆಯೊಂದರ ಸಾಚಾತನ ಇವುಗಳನ್ನು ಬಣ್ಣದ ಬದಲಾವಣೆಯಿಂದ ಕಂಡುಹಿಡಿಯಲು ಇವನ್ನು ಬಳಸುವ ಪ್ರಬಂಧಗಳು ಈಗ ವಿಪುಲವಾಗಿ ಪ್ರಕಟವಾಗುತ್ತಿವೆ. ಈ ಪ್ರಬಂಧಗಳ ಪೀಠಿಕೆಗಳಲ್ಲಿ ಹೆಚ್ಚಿನವು ಚರಿತ್ರೆಯನ್ನು 2007ರಿಂದ ಆರಂಭಿಸುತ್ತವೆ. ಈ ಕಾಲಗಣನೆ ಸರಿಯಲ್ಲ. ಅದಕ್ಕೂ ನೂರು ವರ್ಷ ಹಿಂದಿನ ಒಂದು ಅಧ್ಯಾಯವನ್ನು ಅದು ಬಿಟ್ಟುಬಿಡುತ್ತದೆ. ಆ ಅಧ್ಯಾಯದಲ್ಲಿ ಈ ವಿಧಾನದ ಶಕ್ತಿಯಷ್ಟೇ ಸ್ಪಷ್ಟವಾಗಿ ಅದರ ಮುಖ್ಯ ಕೊರತೆಯೂ ಗೋಚರಿಸಿತ್ತು. ಆದುದರಿಂದ ಇಲ್ಲಿರುವುದು ಕಾಲಾನುಕ್ರಮಣಿಕೆಯನ್ನು ತಿದ್ದುವ ಕೆಲಸ ಮಾತ್ರವಲ್ಲ.

ಮುಂದುವರಿಯುವ ಮುನ್ನ ಒಂದು ಎಚ್ಚರಿಕೆಯ ಮಾತು. ವಿಷವನ್ನು ಬಣ್ಣದಿಂದ ಗುರುತಿಸುವ ಆಲೋಚನೆ ಅರ್ಥಶಾಸ್ತ್ರದಲ್ಲಿಯೇ ಇದೆ. ವಿಷಬೆರೆತ ಅನ್ನವನ್ನು ಬೆಂಕಿಗೆ ಹಾಕಿದರೆ ಜ್ವಾಲೆಯೂ ಹೊಗೆಯೂ ನೀಲಿಯಾಗುತ್ತವೆ, ವಿಷದ ಸಮೀಪದಲ್ಲಿ ಚಕೋರ ಪಕ್ಷಿಯ ಕಣ್ಣಿನ ಬಣ್ಣ ಬದಲಾಗುತ್ತದೆ ಎಂದು ಅಲ್ಲಿ ಹೇಳಿದೆ. ಕನ್ನಡದಲ್ಲಿ ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯಕ್ಕಾಗಿಯೇ ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದನು. ಇವುಗಳಿಂದ ಇಂದಿನ ವಿಧಾನಕ್ಕೆ ನೇರವಾದ ವಂಶವೃಕ್ಷವನ್ನು ಬರೆಯುವುದು ಅನುಚಿತ. ಕಾಣದ ದ್ರವ್ಯವನ್ನು ಕಾಣುವ ಕುರುಹಾಗಿ ಪರಿವರ್ತಿಸಬೇಕೆಂಬ ಅಪೇಕ್ಷೆ ಹಳೆಯದು. ಪರಿವರ್ತನೆಯ ಕ್ರಮ ಮಾತ್ರ ಬೇರೆ ಪ್ರದೇಶದಲ್ಲಿ, ಬೇರೆ ಕಾರಣಗಳಿಂದ ಬೆಳೆಯಿತು.

ಅದರ ಆರಂಭ 1810ರಲ್ಲಿ ಫ್ರಾನ್ಸಿನ ಔಷಧ ತಯಾರಕ ಪ್ಲಾಂಶ್ ಎಂಬಾತನ ಒಂದು ವೀಕ್ಷಣೆಯಿಂದ. ವೆಸ್ಟ್ ಇಂಡೀಸ್ ದ್ವೀಪಗಳ ಗ್ವಾಯಕಂ ಎಂಬ ಮರದ ರಾಳ ಹದಿನಾರನೆಯ ಶತಮಾನದಿಂದ ಯೂರೋಪಿನ ಔಷಧಶಾಲೆಗಳಲ್ಲಿತ್ತು. ಅದರ ಮದ್ಯಸಾರದ ದ್ರಾವಣದಲ್ಲಿ ಹಾರ್ಸ್‌ರ್ಯಾಡಿಷ್ ಬೇರಿನ ಹಸಿ ತುಂಡೊಂದನ್ನು ಅದ್ದಿದಾಗ ದ್ರಾವಣ ನೀಲಿಯಾಯಿತು. (ಹಾರ್ಸ್‌ರ್ಯಾಡಿಷ್ ಎಂಬುದು ಬೇರನ್ನು ತುರಿದು ಖಾರಕ್ಕಾಗಿ ತಿನ್ನುವ ಯೂರೋಪಿನ ಗಿಡ. ಭಾರತದಲ್ಲಿದ್ದ ಇಂಗ್ಲಿಷರು ನಮ್ಮ ನುಗ್ಗೆಯ ಬೇರಿನ ಖಾರವನ್ನು ಅದಕ್ಕೆ ಬದಲಿಯಾಗಿ ಬಳಸಿ, ನುಗ್ಗೆಗೆ ‘ಹಾರ್ಸ್‌ರ್ಯಾಡಿಷ್ ಮರ’ ಎಂದೇ ಹೆಸರಿಟ್ಟಿದ್ದರು. ಎರಡೂ ಒಂದೇ ಸಸ್ಯವೆಂದು ಭ್ರಮಿಸುವುದಕ್ಕೆ ಇದು ಕಾರಣವಾಗಿದೆ.) ಬೇರಿನೊಳಗಿನ ಯಾವುದೋ ವಸ್ತು ರಾಳವನ್ನು ಉತ್ಕರ್ಷಿಸಿ ನೀಲಿಗೊಳಿಸಿತ್ತು. ಬಾಸೆಲ್ ನಗರದ ಪ್ರಾಧ್ಯಾಪಕ, ಓಜೋನನ್ನು ಕಂಡುಹಿಡಿದ ಷೋನ್‌ಬೈನ್, ಇದೇ ರಾಳವೂ ಹೈಡ್ರೋಜನ್ ಪೆರಾಕ್ಸೈಡೂ ಸೇರಿದ ದ್ರಾವಣ ರಕ್ತದ ಸೋಂಕಿನಿಂದ ನೀಲಿಯಾಗುವುದನ್ನು 1863ರಲ್ಲಿ ಪ್ರಕಟಿಸಿದನು. ನ್ಯಾಯವೈದ್ಯಶಾಸ್ತ್ರದ ರಕ್ತಪರೀಕ್ಷೆಗೆ ಇದು ಆಧಾರವಾಯಿತು. ನಮ್ಮ ವಿಷಯಕ್ಕೆ ಅದಕ್ಕಿಂತ ಮುಖ್ಯವಾದುದು ಷೋನ್‌ಬೈನನ ಇನ್ನೊಂದು ಅಭಿಪ್ರಾಯ: ಪ್ಲಾಟಿನಂ ಲೋಹವು ಪೆರಾಕ್ಸೈಡನ್ನು ಒಡೆಯುವ ಕ್ರಿಯೆಯೇ ಎಲ್ಲ ಹುದುಗುವಿಕೆಗಳ ಮೂಲಮಾದರಿ ಎಂದು ಅವನು ಭಾವಿಸಿದ್ದನು. ಅಂದರೆ ಜೀವದ ಕ್ರಿಯೆಯನ್ನು ಅರ್ಥಮಾಡಿಕೊಳ್ಳಲು ಲೋಹದ ಕಡೆಗೆ ನೋಡಬೇಕೆಂಬ ಸೂಚನೆ ಅಲ್ಲಿಯೇ ಇತ್ತು.

ಈ ಸೂಚನೆಯನ್ನು ವ್ಯವಸ್ಥಿತ ಪ್ರಯೋಗವಾಗಿ ಬೆಳೆಸಿದವನು ಜಾರ್ಜ್ ಬ್ರೆಡಿಗ್. ಲೈಪ್‌ಜಿಗ್‌ನಲ್ಲಿ ಓಸ್ಟ್‌ವಾಲ್ಡನ ಸಹಾಯಕನಾಗಿದ್ದ ಇವನು 1898ರಲ್ಲಿ ನೀರಿನೊಳಗೆ ಎರಡು ಲೋಹದ ತಂತಿಗಳ ನಡುವೆ ವಿದ್ಯುಚ್ಚಾಪವನ್ನು ಉಂಟುಮಾಡಿ, ಲೋಹವನ್ನು ನೀರಿನಲ್ಲಿ ತೇಲುವ ಅತಿಸೂಕ್ಷ್ಮ ಕಣಗಳಾಗಿ ಚದುರಿಸುವ ವಿಧಾನವನ್ನು ಕಂಡುಕೊಂಡನು. ಇಂದಿನ ಪರಿಭಾಷೆಯಲ್ಲಿ ಅವು ನ್ಯಾನೋಕಣಗಳೇ. ಹೀಗೆ ದೊರೆತ ಕಪ್ಪುಛಾಯೆಯ ಪ್ಲಾಟಿನಂ ದ್ರವ ಹೈಡ್ರೋಜನ್ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕಗಳಾಗಿ ಒಡೆಯುತ್ತಿತ್ತು. ರಕ್ತವೂ ಸಸ್ಯರಸವೂ ಮಾಡುವ ಕೆಲಸವಿದು. ಒಂದು ಗ್ರಾಂ-ಪರಮಾಣು ಪ್ಲಾಟಿನಂ, ಅಂದರೆ ಸುಮಾರು 195 ಗ್ರಾಂ, ಏಳು ಕೋಟಿ ಲೀಟರ್ ನೀರಿನಲ್ಲಿ ಹರಡಿದ್ದರೂ ಅದರ ಪ್ರಭಾವ ಅಳತೆಗೆ ಸಿಗುತ್ತಿತ್ತು. 1899ರಲ್ಲಿ ಪ್ರಕಟವಾದ ಪ್ರಬಂಧಕ್ಕೂ 1901ರ ಪುಸ್ತಕಕ್ಕೂ ಬ್ರೆಡಿಗ್ ಕೊಟ್ಟ ಶೀರ್ಷಿಕೆಯ ಅರ್ಥ ‘ನಿರವಯವ ಕಿಣ್ವಗಳು’. ಸಾವಯವವಲ್ಲದ, ಜೀವಮೂಲವಿಲ್ಲದ ಕಿಣ್ವಗಳು ಎಂದು ಅದರ ತಾತ್ಪರ್ಯ.

ಬ್ರೆಡಿಗ್ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಲಿಲ್ಲ. ಪ್ರೂಸಿಕ್ ಆಮ್ಲ, ಹೈಡ್ರೋಜನ್ ಸಲ್ಫೈಡ್, ಪಾದರಸದ ಕ್ಲೋರೈಡ್ ಮೊದಲಾದ ವಿಷಗಳು ಜೀವಿಗಳ ಕಿಣ್ವಗಳನ್ನು ಕುಂಠಿತಗೊಳಿಸುವಂತೆಯೇ ಅತ್ಯಲ್ಪ ಪ್ರಮಾಣದಲ್ಲಿ ಈ ಪ್ಲಾಟಿನಂ ದ್ರವವನ್ನೂ ಕುಂಠಿತಗೊಳಿಸುತ್ತವೆಂದು ತೋರಿಸಿದನು. ಪ್ರೂಸಿಕ್ ಆಮ್ಲದ ಪೆಟ್ಟಿನಿಂದ ಲೋಹ ಕೆಲಕಾಲದ ನಂತರ ಚೇತರಿಸಿಕೊಳ್ಳುವುದನ್ನೂ ಗಮನಿಸಿದನು. ‘ವಿಷಬಾಧೆ’, ‘ಚೇತರಿಕೆ’ ಎಂಬ ಮಾತುಗಳನ್ನು ಲೋಹದ ವಿಷಯದಲ್ಲಿ ಬಳಸುವುದು ಅಂದಿನ ಓದುಗರಿಗೆ ವಿಲಕ್ಷಣವಾಗಿ ಕಂಡಿರಬೇಕು. ಇಂದಿನ ಔಷಧ ಪತ್ತೆಯ ವಿಧಾನಗಳಲ್ಲಿ ಒಂದು ಮುಖ್ಯ ವರ್ಗ ಈ ವಿಷಬಾಧೆಯ ತತ್ತ್ವವನ್ನೇ ಅವಲಂಬಿಸಿದೆಯೆಂಬುದನ್ನು ಮುಂದೆ ನೋಡಲಿದ್ದೇವೆ. ಕಣದ ಕೆಲಸ ಎಷ್ಟು ಕುಂದಿತು ಎಂಬುದರಿಂದ ಕುಂದಿಸಿದ ವಸ್ತು ಎಷ್ಟಿದೆಯೆಂದು ತಿಳಿಯುವ ಮಾರ್ಗ ಬ್ರೆಡಿಗನ ಕೋಷ್ಟಕಗಳಲ್ಲಿಯೇ ಇತ್ತು.

ಆದರೆ ಆ ಹೋಲಿಕೆಯಲ್ಲಿ ಒಂದು ಬಿರುಕಿತ್ತು. 1894ರಲ್ಲಿಯೇ ಎಮಿಲ್ ಫಿಷರ್ ಕಿಣ್ವಕ್ಕೂ ಅದು ಹಿಡಿಯುವ ವಸ್ತುವಿಗೂ ಇರುವ ಸಂಬಂಧವನ್ನು ಬೀಗ ಮತ್ತು ಕೀಲಿಕೈಗಳ ಉಪಮೆಯಿಂದ ವಿವರಿಸಿದ್ದನು. ಕಿಣ್ವದ ವೈಶಿಷ್ಟ್ಯ ವೇಗವೊಂದೇ ಅಲ್ಲ, ಆಯ್ಕೆಯೂ ಹೌದು. ಎರಡು ಸಕ್ಕರೆಗಳ ನಡುವಣ ಅತಿಸೂಕ್ಷ್ಮ ವ್ಯತ್ಯಾಸವನ್ನು ಅದು ಗುರುತಿಸಿ ಒಂದನ್ನು ಸ್ವೀಕರಿಸುತ್ತದೆ, ಇನ್ನೊಂದನ್ನು ಬಿಡುತ್ತದೆ. ಪ್ಲಾಟಿನಂಗೆ ಇಂತಹ ವಿವೇಕವಿಲ್ಲ. ಅದನ್ನು ಕುಂಠಿತಗೊಳಿಸುವ ವಿಷಗಳ ಪಟ್ಟಿಯೂ ದೊಡ್ಡದು; ಕ್ರಿಯೆ ಕುಂದಿದೆಯೆಂಬುದರಿಂದ ಯಾವ ವಿಷವೆಂದು ಹೇಳಲಾಗದು. ಕ್ರಿಯೆಯ ಅನುಕರಣೆ ಸಾಧ್ಯವಾಯಿತು, ವಿವೇಕದ ಅನುಕರಣೆ ಆಗಲಿಲ್ಲ. ಈ ಚರಿತ್ರೆಯ ಉಳಿದ ಭಾಗವೆಲ್ಲ ಈ ಅಂತರದ ಸುತ್ತಲೇ ತಿರುಗುತ್ತದೆ ಎಂಬುದು ನನ್ನ ಅಭಿಪ್ರಾಯ.

ನಡುವಣ ಅರ್ಧ ಶತಮಾನವನ್ನು ಸಂಕ್ಷೇಪವಾಗಿ ಹೇಳಬಹುದು. 1897ರಲ್ಲಿ ಬುಖ್ನರ್ ಯೀಸ್ಟ್ ಕೋಶಗಳನ್ನು ಅರೆದು ತೆಗೆದ ನಿರ್ಜೀವ ರಸವೂ ಸಕ್ಕರೆಯನ್ನು ಹುದುಗಿಸುತ್ತದೆಯೆಂದು ತೋರಿಸಿದ ಮೇಲೆ ಕಿಣ್ವವೆಂದರೆ ಏನೆಂಬ ಪ್ರಶ್ನೆ ಉಳಿಯಿತು. ಹಾರ್ಸ್‌ರ್ಯಾಡಿಷ್‌ನ ಪೆರಾಕ್ಸಿಡೇಸ್ ಕಿಣ್ವವನ್ನು ಶುದ್ಧೀಕರಿಸುತ್ತಿದ್ದ ವಿಲ್‌ಸ್ಟೆಟರ್, ಪ್ರೋಟೀನು ಕೇವಲ ವಾಹಕ, ಕ್ರಿಯೆ ನಡೆಸುವುದು ಅದರ ಮೇಲೆ ಕುಳಿತ ಯಾವುದೋ ಸಣ್ಣ ವಸ್ತು ಎಂದು ವಾದಿಸಿದನು. ನೊಬೆಲ್ ಪುರಸ್ಕೃತನಾದ ಅವನ ಮಾತಿಗೆ ಬಹಳ ಬೆಲೆಯಿತ್ತು. 1926ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಸಮ್ನರ್, ಹದಿಹರೆಯದಲ್ಲಿ ಒಂದು ಕೈಯನ್ನು ಕಳೆದುಕೊಂಡಿದ್ದ ಸಂಶೋಧಕ, ಜಾಕ್ ಬೀನ್ ಎಂಬ ಅವರೆಜಾತಿಯ ಕಾಳಿನಿಂದ ಯೂರಿಯೇಸ್ ಕಿಣ್ವವನ್ನು ಹರಳುಗಟ್ಟಿಸಿ, ಪ್ರೋಟೀನೇ ಕಿಣ್ವವೆಂದು ಸಾಧಿಸಿದನು. ಅದನ್ನು ವಿದ್ವತ್ಸಮುದಾಯ ಒಪ್ಪಲು ಹಲವು ವರ್ಷಗಳು ಬೇಕಾದವು. ನೊಬೆಲ್ ಪುರಸ್ಕಾರ ಬಂದದ್ದು 1946ರಲ್ಲಿ. ವಾಹಕವೆಂದು ಬದಿಗೆ ಸರಿಸಿದ್ದೇ ಕರ್ತೃವಾಗಿ ಹೊರಬಂದ ಈ ಪ್ರಸಂಗವನ್ನು ನೆನಪಿನಲ್ಲಿಡಬೇಕು. ಏಕೆಂದರೆ ಎಂಬತ್ತು ವರ್ಷಗಳ ತರುವಾಯ ಇದು ಇನ್ನೊಂದು ರೂಪದಲ್ಲಿ ಮರುಕಳಿಸಿತು. ಕಿಣ್ವವೆಂದರೆ ಪ್ರೋಟೀನು ಎಂಬ ಸಮೀಕರಣ ಗಟ್ಟಿಯಾದ ಮೇಲೆ ‘ನಿರವಯವ ಕಿಣ್ವ’ ಎಂಬ ಮಾತು ವಿರೋಧಾಭಾಸದಂತೆ ಕೇಳಿಸತೊಡಗಿತು. ಬ್ರೆಡಿಗನ ಪುಸ್ತಕ ಮರೆಗೆ ಸರಿಯಲು ಇದೂ ಒಂದು ಕಾರಣವೆಂದು ಊಹಿಸಬಹುದು.

1971ರಲ್ಲಿ ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಹಾಗೂ ಅವರಿಂದ ಸ್ವತಂತ್ರವಾಗಿ ನೆದರ್‌ಲೆಂಡ್ಸ್‌ನ ಸಂಶೋಧಕರು, ಪ್ರತಿಕಾಯಕ್ಕೆ ಕಿಣ್ವವನ್ನು ಜೋಡಿಸಿ ಪರೀಕ್ಷೆ ನಡೆಸುವ ಕ್ರಮವನ್ನು ಪ್ರಕಟಿಸಿದರು. ಇದೇ ಎಲಿಸಾ. ಇದರಲ್ಲಿ ಶ್ರಮವಿಭಜನೆ ಸ್ಪಷ್ಟವಾಗಿದೆ: ಪ್ರತಿಕಾಯ ಗುರುತಿಸುತ್ತದೆ, ಕಿಣ್ವ ಬಣ್ಣ ತರುತ್ತದೆ. ಬಣ್ಣಕ್ಕಾಗಿ ಹೆಚ್ಚು ಬಳಕೆಗೆ ಬಂದ ಕಿಣ್ವಗಳಲ್ಲೊಂದು ಪ್ಲಾಂಶ್ ಕಂಡಿದ್ದ ಅದೇ ಹಾರ್ಸ್‌ರ್ಯಾಡಿಷ್ ಬೇರಿನ ಪೆರಾಕ್ಸಿಡೇಸ್. ಗ್ವಾಯಕಂ ರಾಳದ ಸ್ಥಾನದಲ್ಲಿ ಮೊದಲು ಬೆಂಜಿಡೀನ್ ಬಂದಿತ್ತು. ಅದು ಕ್ಯಾನ್ಸರ್ ಉಂಟುಮಾಡುತ್ತದೆಂದು ತಿಳಿದ ಮೇಲೆ, 1974ರಲ್ಲಿ ಟೆಟ್ರಾಮೀಥೈಲ್ ಬೆಂಜಿಡೀನ್, ಸಂಕ್ಷೇಪವಾಗಿ ಟಿಎಂಬಿ, ಸುರಕ್ಷಿತ ಬದಲಿಯಾಗಿ ಸೂಚಿತವಾಯಿತು. ಉತ್ಕರ್ಷಗೊಂಡ ಟಿಎಂಬಿಯ ಬಣ್ಣವೂ ನೀಲಿಯೇ. ಕಿಣ್ವದ ದೌರ್ಬಲ್ಯ ಅದರ ಕೋಮಲತೆ: ಅದನ್ನು ತಂಪಿನಲ್ಲಿ ಇಡಬೇಕು, ಕಾಲಕ್ರಮದಲ್ಲಿ ಅದರ ಶಕ್ತಿ ಕುಂದುತ್ತದೆ, ಶುದ್ಧೀಕರಣಕ್ಕೆ ಖರ್ಚು ತಗಲುತ್ತದೆ. ವಿದ್ಯುತ್ ನಿಂತುನಿಂತು ಬರುವ ಊರಿನ ಹಾಲು ಸಂಗ್ರಹಣಾ ಕೇಂದ್ರಕ್ಕೆ ಇದು ಸಣ್ಣ ತೊಡಕಲ್ಲ.

ಇನ್ನು ‘ನ್ಯಾನೋಜೈಮ್’ ಎಂಬ ಪದದ ವಿಚಾರ. 2004ರಲ್ಲಿ ಇಟಲಿಯ ಸ್ಕ್ರಿಮಿನ್, ಪಾಸ್ಕ್ವಾಟೋ ಮತ್ತು ಸಂಗಡಿಗರು ಈ ಹೆಸರನ್ನು ಬಳಸಿದಾಗ ಅದರ ಅರ್ಥ ಬೇರೆಯಾಗಿತ್ತು. ಅವರ ಕಣ ಚಿನ್ನದ್ದು. ಆದರೆ ಕ್ರಿಯೆ ನಡೆಸುತ್ತಿದ್ದುದು ಚಿನ್ನವಲ್ಲ, ಅದರ ಮೇಲೆ ಹೊದಿಸಿದ ಸತುವನ್ನು ಹಿಡಿದಿಟ್ಟ ಅಣುಗಳ ಪದರ. ಚಿನ್ನ ಅಲ್ಲಿ ಬರಿಯ ವಾಹಕ. 2007ರಲ್ಲಿ ಬೀಜಿಂಗಿನ ಚೀನೀ ವಿಜ್ಞಾನ ಅಕಾಡೆಮಿಯ ಜೀವಭೌತಶಾಸ್ತ್ರ ಸಂಸ್ಥೆಯಿಂದ ಯಾನ್ ಶಿಯುನ್ ಮತ್ತು ಸಹೋದ್ಯೋಗಿಗಳ ಪ್ರಬಂಧ ಹೊರಬಂದಿತು. ಅಯಸ್ಕಾಂತ ಗುಣದ ಕಬ್ಬಿಣದ ಆಕ್ಸೈಡು ಕಣಗಳನ್ನು ಅಂದಿನವರೆಗೆ ನಿಷ್ಕ್ರಿಯ ವಾಹಕಗಳೆಂದು ತಿಳಿದು, ಅವುಗಳ ಮೇಲೆ ಕಿಣ್ವವನ್ನೋ ಪ್ರತಿಕಾಯವನ್ನೋ ಲೇಪಿಸಲಾಗುತ್ತಿತ್ತು. ಯಾವ ಲೇಪನವೂ ಇಲ್ಲದ ಕಣವೇ ಪೆರಾಕ್ಸಿಡೇಸ್‌ನಂತೆ ಟಿಎಂಬಿಯನ್ನು ನೀಲಿಗೊಳಿಸುತ್ತದೆಯೆಂದು ಈ ಪ್ರಬಂಧ ತೋರಿಸಿತು. ವಿಲ್‌ಸ್ಟೆಟರನ ಪ್ರಸಂಗದಂತೆ ಇಲ್ಲಿಯೂ ವಾಹಕವೇ ಕರ್ತೃವಾಯಿತು. ಈ ಬಗೆಯ ಕಣಗಳಿಗೂ ನ್ಯಾನೋಜೈಮ್ ಎಂಬ ಹೆಸರು ಅಂಟಿತು; ಚೀನಾದ ವೇ ಹುಯ್ ಮತ್ತು ವಾಂಗ್ ಅರ್‌ಕಾಂಗ್ 2013ರಲ್ಲಿ ಬರೆದ ದೀರ್ಘ ಸಮೀಕ್ಷೆಯ ನಂತರ ಈ ಅರ್ಥವೇ ಪ್ರಚುರವಾಗಿ, 2004ರ ಅರ್ಥ ಹಿಂದೆ ಸರಿಯಿತು. ಶಬ್ದವೊಂದು ತನ್ನ ಮೊದಲ ವಾಚ್ಯವನ್ನು ಬಿಟ್ಟು ಅದರ ವಿರುದ್ಧ ವಾಚ್ಯವನ್ನು ಹಿಡಿಯುವುದು ಭಾಷಾಚರಿತ್ರೆ ಬಲ್ಲವರಿಗೆ ಅಚ್ಚರಿಯ ಸಂಗತಿಯಲ್ಲ. ಒಂಬತ್ತೇ ವರ್ಷಗಳಲ್ಲಿ ಹಾಗಾದದ್ದು ಮಾತ್ರ ಸ್ವಾರಸ್ಯಕರ.

2007ರ ಪ್ರಬಂಧದ ಅಂಕಿಗಳನ್ನು ಗಮನವಿಟ್ಟು ಓದಬೇಕು. ಹಾರ್ಸ್‌ರ್ಯಾಡಿಷ್‌ನ ಕಿಣ್ವ 40 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖದಲ್ಲಿ ಶಕ್ತಿಗುಂದಿದರೆ, ಕಬ್ಬಿಣದ ಕಣ 90 ಡಿಗ್ರಿಯಲ್ಲಿ ಇಟ್ಟು ತೆಗೆದ ಮೇಲೂ ಕೆಲಸ ಮಾಡುತ್ತದೆ. ಪ್ರಬಲ ಆಮ್ಲದಲ್ಲಿಯೂ ಪ್ರಬಲ ಕ್ಷಾರದಲ್ಲಿಯೂ ಇರಿಸಿದ ಬಳಿಕ ಅದರ ಶಕ್ತಿ ಉಳಿಯುತ್ತದೆ. ಇದು ನಿಜವಾದ ಲಾಭ. ಆದರೆ ಅರ್ಧವೇಗವನ್ನು ಮುಟ್ಟಲು ಕಿಣ್ವಕ್ಕೆ 3.7 ಮಿಲಿಮೋಲಾರ್ ಪೆರಾಕ್ಸೈಡ್ ಸಾಕಾದರೆ ಕಣಕ್ಕೆ 154 ಮಿಲಿಮೋಲಾರ್ ಬೇಕು, ಅಂದರೆ ಸುಮಾರು ನಲವತ್ತು ಪಟ್ಟು. ಕಣವೊಂದರ ವೇಗ ಕಿಣ್ವದ ಅಣುವೊಂದರ ವೇಗಕ್ಕಿಂತ ಹೆಚ್ಚೆಂಬ ಹೇಳಿಕೆಯೂ ಅಲ್ಲಿದೆ. ಕಿಣ್ವದ ಅಣುವಿನಲ್ಲಿ ಕ್ರಿಯಾಸ್ಥಾನ ಒಂದೇ ಆದರೆ ಕಣದ ಮೇಲ್ಮೈಯಲ್ಲಿ ಕಬ್ಬಿಣದ ಪರಮಾಣುಗಳು ಅಸಂಖ್ಯ ಎಂಬುದನ್ನು ಮರೆತರೆ ಈ ಹೋಲಿಕೆ ದಾರಿತಪ್ಪಿಸುತ್ತದೆ. ಮೂರನೆಯದಾಗಿ, ಕಣ ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 3.5ರ ಸುಮಾರಿನ ಹುಳಿಯಲ್ಲಿ. ಹಾಲಿನ ಕೇಸೀನ್ ಪಿಎಚ್ 4.6ರಲ್ಲಿಯೇ ಗಟ್ಟಿಯಾಗಿ ಬೇರ್ಪಡುತ್ತದೆ. ಹಾಲನ್ನು ಪರೀಕ್ಷಿಸಬೇಕಾದರೆ ಮೊದಲು ಅದನ್ನು ಒಡೆದು, ಸೋಸಿ, ತಿಳಿಯನ್ನು ತೆಗೆಯಬೇಕು. ‘ಕ್ಷಣಾರ್ಧದ ಪರೀಕ್ಷೆ’ ಎಂದು ಹೊಗಳುವಾಗ ಈ ಪೂರ್ವಸಿದ್ಧತೆಯ ಕಾಲವನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ.

ರಸಾಯನಶಾಸ್ತ್ರಜ್ಞರಿಂದ ಇನ್ನೊಂದು ಆಕ್ಷೇಪವೂ ಬಂದಿತು. ಕಬ್ಬಿಣದ ಲವಣ ಮತ್ತು ಪೆರಾಕ್ಸೈಡ್ ಸೇರಿದರೆ ಪ್ರಬಲ ಉತ್ಕರ್ಷಣೆಯಾಗುತ್ತದೆಂದು ಫೆಂಟನ್ 1894ರಲ್ಲಿಯೇ ಬರೆದಿದ್ದಾನೆ. ಹಾಗಾದರೆ ಇದಕ್ಕೆ ಕಿಣ್ವವೆಂಬ ಬಿರುದೇಕೆ? ಕಣದಿಂದ ಕರಗಿ ಹೊರಬಂದ ಕಬ್ಬಿಣ ಈ ಕ್ರಿಯೆಗೆ ಕಾರಣವಲ್ಲ, ಕಣದ ಮೇಲ್ಮೈಯೇ ಕಾರಣ, ವೇಗದ ನಿಯಮವೂ ಕಿಣ್ವಗಳದ್ದೇ ಎಂಬುದು ಯಾನ್ ಅವರ ಉತ್ತರ. ಈ ಉತ್ತರ ಸಾಕಷ್ಟು ಸಮರ್ಥವಾಗಿದೆ. ಆದರೂ ವೇಗದ ನಿಯಮ ಒಂದೇ ಎಂದ ಮಾತ್ರಕ್ಕೆ ವಿವೇಕವೂ ಒಂದೇ ಆಗುವುದಿಲ್ಲ.

ಔಷಧ ಪತ್ತೆಯಲ್ಲಿ ಈ ಕಣಗಳನ್ನು ಮುಖ್ಯವಾಗಿ ಎರಡು ರೀತಿಯಲ್ಲಿ ಬಳಸಲಾಗುತ್ತಿದೆ. ಮೊದಲನೆಯದು ಬಣ್ಣಗುಂದಿಸುವ ಕ್ರಮ. ಕಣವೂ ಪೆರಾಕ್ಸೈಡೂ ಟಿಎಂಬಿಯೂ ಸೇರಿ ನೀಲಿಯಾಗುವ ದ್ರಾವಣಕ್ಕೆ ಮಾದರಿಯನ್ನು ಹಾಕುತ್ತಾರೆ. ಅದರಲ್ಲಿರುವ ಔಷಧ ಕಣದ ಮೇಲ್ಮೈಯನ್ನು ಮುಚ್ಚಿ ಅದನ್ನು ಕುಂಠಿತಗೊಳಿಸಬಹುದು, ಇಲ್ಲವೆ ಆಗಲೇ ಉಂಟಾದ ನೀಲಿಯನ್ನು ಮತ್ತೆ ವರ್ಣರಹಿತವಾಗಿಸಬಹುದು. ರಕ್ತದೊತ್ತಡಕ್ಕೆ ಕೊಡುವ ಕ್ಯಾಪ್ಟೋಪ್ರಿಲ್‌ನಂತಹ ಗಂಧಕಯುಕ್ತ ಔಷಧಗಳು ಎರಡನೆಯ ಬಗೆಯವು. ನೀಲಿ ಎಷ್ಟು ತಗ್ಗಿತೆಂಬುದು ಔಷಧದ ಅಳತೆ. ಬ್ರೆಡಿಗನ ವಿಷಬಾಧೆಯ ಕೋಷ್ಟಕವೇ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ. ಅವನ ಕೊರತೆಯೂ ಜೊತೆಗೇ ಬಂದಿದೆ. ‘ಸಿ’ ಜೀವಸತ್ತ್ವ ಈ ನೀಲಿಯನ್ನು ಅಳಿಸುತ್ತದೆ; ರಕ್ತದಲ್ಲಿ ಸಹಜವಾಗಿ ಇರುವ ಗ್ಲುಟಾಥಯೋನ್ ಅಳಿಸುತ್ತದೆ. ಆ ದಿನ ಬೆಳಿಗ್ಗೆ ನೆಲ್ಲಿಕಾಯಿ ತಿಂದ ರೋಗಿಯ ಮೂತ್ರದಲ್ಲಿ ಔಷಧವಿದೆಯೆಂದು ಪರೀಕ್ಷೆ ಹೇಳಿದರೆ ಆಶ್ಚರ್ಯವಿಲ್ಲ. ಘಟಕಗಳು ಮೊದಲೇ ಗೊತ್ತಿರುವ ಮಾತ್ರೆಯೊಂದರಲ್ಲಿ ಔಷಧದ ಪ್ರಮಾಣ ಸರಿಯಿದೆಯೇ ಎಂದು ನೋಡಲು ಈ ಕ್ರಮ ತಕ್ಕದ್ದು. ರಕ್ತ, ಮೂತ್ರ, ಹಾಲುಗಳಿಗೆ ಇದನ್ನು ಹಾಗೆಯೇ ಒಯ್ಯುವುದನ್ನು ನಾನು ಒಪ್ಪಲಾರೆ.

ಎರಡನೆಯ ಕ್ರಮದಲ್ಲಿ ವಿವೇಕವನ್ನು ಹೊರಗಿನಿಂದ ಎರವಲು ತರಲಾಗುತ್ತದೆ. 1990ರಲ್ಲಿ ಅಮೆರಿಕದ ಎರಡು ಪ್ರಯೋಗಾಲಯಗಳು ಕೋಟ್ಯಂತರ ನ್ಯೂಕ್ಲಿಯಿಕ್ ಆಮ್ಲದ ಎಳೆಗಳಿಂದ, ಬೇಕಾದ ಅಣುವನ್ನು ಹಿಡಿಯುವ ಎಳೆಯನ್ನು ಮಾತ್ರ ಆರಿಸಿ ತೆಗೆಯುವ ವಿಧಾನವನ್ನು ಬೇರೆಬೇರೆಯಾಗಿ ಪ್ರಕಟಿಸಿದವು. ಹಾಗೆ ಆಯ್ದ ಎಳೆಗೆ ಆಪ್ಟಮರ್ ಎಂದು ಹೆಸರು. 2014ರಲ್ಲಿ ಮೆಲ್ಬರ್ನ್‌ನ ಆರ್‌ಎಂಐಟಿ ವಿಶ್ವವಿದ್ಯಾಲಯದ ವಿಪುಲ್ ಬನ್ಸಲ್ ಮತ್ತು ಸಂಗಡಿಗರು ಕನಾಮೈಸಿನ್ ಎಂಬ ಪ್ರತಿಜೀವಕಕ್ಕೆ ಈ ಕ್ರಮವನ್ನು ಅನ್ವಯಿಸಿದರು. ಚಿನ್ನದ ಕಣಕ್ಕೆ ತನ್ನದೇ ಆದ ಪೆರಾಕ್ಸಿಡೇಸ್ ಗುಣವಿದೆ. ಅದರ ಮೇಲೆ ಆಪ್ಟಮರನ್ನು ಹೊದಿಸಿದರೆ ಗುಣ ಅಡಗುತ್ತದೆ. ಮಾದರಿಯಲ್ಲಿ ಕನಾಮೈಸಿನ್ ಇದ್ದರೆ ಆಪ್ಟಮರ್ ಚಿನ್ನವನ್ನು ಬಿಟ್ಟು ಅದನ್ನು ಹಿಡಿಯುತ್ತದೆ. ಮುಸುಕು ಸರಿದ ಕಣ ಮತ್ತೆ ಕೆಲಸ ಮಾಡಿ ದ್ರಾವಣ ನೀಲಿಯಾಗುತ್ತದೆ. ಎಲಿಸಾದ ಶ್ರಮವಿಭಜನೆಗೆ ಇದು ಹತ್ತಿರದ್ದು, ಆದರೆ ಇಲ್ಲಿ ಪ್ರತಿಕಾಯವೂ ಇಲ್ಲ, ಕಿಣ್ವವೂ ಇಲ್ಲ.

ಕನಾಮೈಸಿನ್‌ನ ಆಯ್ಕೆ ಅರ್ಥಪೂರ್ಣವಾದದ್ದು. 1957ರಲ್ಲಿ ಜಪಾನಿನ ಉಮೆಜಾವ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಪಡೆದ ಈ ಔಷಧ, ಬಹುಔಷಧ ನಿರೋಧಕ ಕ್ಷಯದ ಚಿಕಿತ್ಸೆಯಲ್ಲಿ ದೀರ್ಘಕಾಲ ಚುಚ್ಚುಮದ್ದಾಗಿ ಬಳಕೆಯಲ್ಲಿತ್ತು. ಭಾರತದ ಕ್ಷಯ ನಿಯಂತ್ರಣ ಕಾರ್ಯಕ್ರಮದಲ್ಲಿಯೂ ಇತ್ತು. ಪ್ರಮಾಣ ಮೀರಿದರೆ ಶ್ರವಣಶಕ್ತಿಯನ್ನು ಶಾಶ್ವತವಾಗಿ ಕೆಡಿಸುತ್ತದೆ. ಈ ಕಾರಣವೂ ಸೇರಿ 2019ರ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಷಯದ ದೀರ್ಘಾವಧಿ ಚಿಕಿತ್ಸೆಯಿಂದ ಅದನ್ನು ಕೈಬಿಡಲು ಸೂಚಿಸಿತು. ಹಸುಗಳಿಗೆ ಕೊಟ್ಟಾಗ ಅದರ ಶೇಷ ಹಾಲಿಗೆ ಬರುತ್ತದೆ; ಯೂರೋಪಿಯನ್ ಒಕ್ಕೂಟ ವಿಧಿಸಿರುವ ಮಿತಿ ಕಿಲೋಗ್ರಾಂ ಹಾಲಿಗೆ 150 ಮೈಕ್ರೋಗ್ರಾಂ. ತಪ್ಪಾಗಿ ‘ಇದೆ’ ಎಂದರೆ ರೈತನ ಕ್ಯಾನು ಚರಂಡಿಗೆ ಹೋಗುತ್ತದೆ. ತಪ್ಪಾಗಿ ‘ಇಲ್ಲ’ ಎಂದರೆ ಅದು ಮಗುವಿನ ಲೋಟಕ್ಕೆ ಹೋಗುತ್ತದೆ.

ಎರವಲು ತಂದ ವಿವೇಕವೂ ಪೂರ್ಣ ನಂಬಿಕೆಗೆ ಅರ್ಹವೇ ಎಂದು ಕೇಳಬೇಕಾಗಿದೆ. ಕನಾಮೈಸಿನ್ ಅಣುವಿನಲ್ಲಿ ನಾಲ್ಕು ಅಮೀನೋ ಗುಂಪುಗಳಿವೆ. ಚಿನ್ನದ ಮೇಲ್ಮೈಗೆ ನೇರವಾಗಿ ಅಂಟಿಕೊಳ್ಳುವ ಪ್ರವೃತ್ತಿ ಅವಕ್ಕುಂಟು. ಬಣ್ಣ ಬದಲಾದದ್ದು ಆಪ್ಟಮರ್ ಗುರುತಿಸಿದ್ದರಿಂದಲೋ, ಔಷಧ ತಾನೇ ಚಿನ್ನವನ್ನು ಮುಟ್ಟಿದ್ದರಿಂದಲೋ ಎಂದು ತಿಳಿಯಲು, ಕನಾಮೈಸಿನ್‌ಅನ್ನು ಹಿಡಿಯಲಾರದ ಬೇರೊಂದು ಡಿಎನ್‌ಎ ಎಳೆಯೊಂದಿಗೂ ಅದೇ ಪ್ರಯೋಗವನ್ನು ನಡೆಸಿ ನೋಡಬೇಕು. ಈ ನಿಯಂತ್ರಣ ಪ್ರಯೋಗವಿಲ್ಲದ ಪ್ರಬಂಧವನ್ನು ಒಪ್ಪಿಕೊಳ್ಳಲು ನಾನು ಹಿಂಜರಿಯುತ್ತೇನೆ. ಇನ್ನೊಂದು ರೂಢಿಯನ್ನೂ ಇಲ್ಲಿ ಹೇಳಬೇಕು. ‘ನೈಜ ಮಾದರಿ’ಯಲ್ಲಿ ಪರೀಕ್ಷಿಸಿದ್ದೇವೆ ಎನ್ನುವ ಹಲವು ಪ್ರಬಂಧಗಳಲ್ಲಿ ನಡೆದಿರುವುದು ಇಷ್ಟು: ಅಂಗಡಿಯಿಂದ ಹಾಲು ತಂದು, ತಾವೇ ತಿಳಿದ ಪ್ರಮಾಣದ ಔಷಧವನ್ನು ಬೆರೆಸಿ, ಅದನ್ನೇ ಮತ್ತೆ ಅಳೆದು, ನೂರಕ್ಕೆ ತೊಂಬತ್ತೆಂಟು ಭಾಗ ಸಿಕ್ಕಿತೆಂದು ಸಂತೋಷಪಡುವುದು. ಇದು ಅವಶ್ಯವಾದ ಮೊದಲ ಹೆಜ್ಜೆಯೆಂಬುದು ನಿಜ. ಆದರೆ ಗ್ರಂಥಸಂಪಾದಕನೊಬ್ಬ ತಾನೇ ಮಾಡಿಕೊಂಡ ನಕಲನ್ನು ಮೂಲದೊಡನೆ ಹೋಲಿಸಿ ‘ಪಾಠಾಂತರಗಳಿಲ್ಲ’ ಎಂದು ಬರೆದರೆ ನಾವು ಅದನ್ನು ಪಾಠಪರಿಷ್ಕರಣವೆನ್ನುವುದಿಲ್ಲ. ಜೀವಿಯ ಮೈಯೊಳಗೆ ಹಾದುಬಂದ ಔಷಧ ಪ್ರೋಟೀನುಗಳಿಗೆ ಅಂಟಿರಬಹುದು, ಯಕೃತ್ತಿನಲ್ಲಿ ರೂಪಾಂತರಗೊಂಡಿರಬಹುದು. ಚಿಕಿತ್ಸೆ ಪಡೆದ ಹಸುವಿನ ಹಾಲನ್ನೇ, ಚಿಕಿತ್ಸೆ ಪಡೆದ ರೋಗಿಯ ರಕ್ತವನ್ನೇ ತೆಗೆದುಕೊಂಡು, ದ್ರವ್ಯರಾಶಿ ಮಾಪನದಂತಹ ಸ್ಥಾಪಿತ ವಿಧಾನದ ಫಲಿತಾಂಶದೊಡನೆ ತಾಳೆನೋಡಿದ ಕೆಲಸಕ್ಕೆ ಮಾತ್ರ ಆ ವಿಶೇಷಣ ಸಲ್ಲುತ್ತದೆ.

ಈ ಕ್ಷೇತ್ರ ತನ್ನನ್ನು ತಾನು ತಿದ್ದಿಕೊಳ್ಳುತ್ತಿಲ್ಲವೆಂದು ಹೇಳಲಾಗದು. ಪೆರಾಕ್ಸಿಡೇಸ್ ಮಾದರಿಯ ಕಣಗಳ ಶಕ್ತಿಯನ್ನು ಅಳೆಯಲು ಏಕರೂಪದ ಕ್ರಮವೊಂದನ್ನು ಯಾನ್ ಅವರ ಬಳಗವೇ 2018ರಲ್ಲಿ ಪ್ರಕಟಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಮುಗೇಶ್ ಮತ್ತು ಅವರ ಸಹೋದ್ಯೋಗಿಗಳು 2014ರಲ್ಲಿ, ವನೇಡಿಯಂ ಪೆಂಟಾಕ್ಸೈಡಿನ ನ್ಯಾನೋತಂತಿಗಳು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ರಕ್ಷಕ ಕಿಣ್ವದಂತೆ ಜೀವಕೋಶದೊಳಗೆ ಕೆಲಸ ಮಾಡುತ್ತವೆಂದು ತೋರಿಸಿದರು. ಅದು ಔಷಧ ಪತ್ತೆಯ ಸಂಶೋಧನೆಯಲ್ಲ. ಆದರೆ ಯಾವ ಕಿಣ್ವವನ್ನು ಅನುಕರಿಸುತ್ತಿದ್ದೇವೆ ಎಂಬುದನ್ನು ನಿರ್ದಿಷ್ಟವಾಗಿ ಹೇಳಿ, ಅದನ್ನು ಜೀವಕೋಶದಲ್ಲಿಯೇ ಪರೀಕ್ಷಿಸಿದ ಬಗೆ ಅನುಸರಣೀಯ. ಅಂತರರಾಷ್ಟ್ರೀಯ ಶುದ್ಧ ಮತ್ತು ಅನ್ವಿತ ರಸಾಯನಶಾಸ್ತ್ರ ಒಕ್ಕೂಟ 2022ರ ಹತ್ತು ಉದಯೋನ್ಮುಖ ತಂತ್ರಜ್ಞಾನಗಳ ಪಟ್ಟಿಯಲ್ಲಿ ನ್ಯಾನೋಜೈಮ್‌ಗಳನ್ನು ಸೇರಿಸಿತು. ‘ಉದಯೋನ್ಮುಖ’ ಎಂಬ ಮಾತು ಓದಿದಾಗ 1901ರ ಆ ಪುಸ್ತಕ ನೆನಪಾಗದೆ ಇರದು.

ಆ ಪುಸ್ತಕದ ಕರ್ತೃವಿನ ಮುಂದಿನ ಹಾದಿಯನ್ನು ಹೇಳದೆ ಈ ಚರಿತ್ರೆ ಅಪೂರ್ಣ. ನಿರವಯವ ಕಿಣ್ವಗಳಿಗೆ ವಿವೇಕವಿಲ್ಲವೆಂಬ ಆಕ್ಷೇಪ ಬ್ರೆಡಿಗನನ್ನೂ ಕಾಡಿರಬೇಕು. ಏಕೆಂದರೆ ಅವನ ನಂತರದ ಕೆಲಸ ಅದೇ ದಿಕ್ಕಿಗೆ ತಿರುಗಿತು. 1908ರಲ್ಲಿ ಫಾಯನ್ಸ್‌ನೊಡನೆ, 1912ರಲ್ಲಿ ಫಿಸ್ಕ್‌ನೊಡನೆ ಅವನು ಪ್ರಕಟಿಸಿದ ಪ್ರಬಂಧಗಳು, ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬವಾಗಿರುವ ಎರಡು ಅಣುರೂಪಗಳಲ್ಲಿ ಒಂದರ ಕಡೆಗೆ ಹೆಚ್ಚು ಒಲಿಯುವ ವೇಗವರ್ಧಕಗಳನ್ನು ಕುರಿತವು. ಫಿಸ್ಕ್‌ನೊಡನೆ ನಡೆಸಿದ ಪ್ರಯೋಗದಲ್ಲಿ ಅವನು ಬಳಸಿದ ವೇಗವರ್ಧಕ ಮಲೇರಿಯಾದ ಔಷಧವಾದ ಕ್ವಿನೈನ್. ದೊರೆತ ಆಯ್ಕೆ ಅಲ್ಪವಾದುದೇ; ಆದರೆ ಪ್ರಶ್ನೆ ಯಾವುದೆಂದು ಅವನಿಗೆ ತಿಳಿದಿತ್ತು. 1911ರಿಂದ ಅವನು ಕಾರ್ಲ್ಸ್‌ರೂಹೆಯಲ್ಲಿ ಪ್ರಾಧ್ಯಾಪಕನಾಗಿದ್ದನು. ಯೆಹೂದಿ ಮೂಲದವನೆಂಬ ಕಾರಣದಿಂದ 1933ರಲ್ಲಿ ನಾಜಿ ಆಡಳಿತ ಅವನನ್ನು ಹುದ್ದೆಯಿಂದ ತೆಗೆದುಹಾಕಿತು. 1938ರ ನವೆಂಬರಿನಲ್ಲಿ ಬಂಧಿಸಿತು. 1939ರಲ್ಲಿ ನೆದರ್‌ಲೆಂಡ್ಸ್‌ಗೂ 1940ರಲ್ಲಿ ಅಮೆರಿಕಕ್ಕೂ ದಾಟಿದ ಬ್ರೆಡಿಗ್ 1944ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡನು. ಅವನ ಪತ್ರಗಳೂ ಕಾಗದಗಳೂ ಯುದ್ಧಕಾಲದಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಬಚ್ಚಿಟ್ಟಿದ್ದವು. ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿದ್ದ ಮಗನ ಕೈಸೇರಿ, ಕುಟುಂಬದ ವಶದಲ್ಲಿ ಹಲವು ದಶಕ ಉಳಿದವು. 2019ರಲ್ಲಿ ಅವು ಫಿಲಡೆಲ್ಫಿಯಾದ ಸೈನ್ಸ್ ಹಿಸ್ಟರಿ ಇನ್‌ಸ್ಟಿಟ್ಯೂಟ್‌ನ ಸಂಗ್ರಹಕ್ಕೆ ಸೇರಿದವು.